ಅಂಪೈರ್ ಯಾವ ಊರಿನವನು?

ಬೇಸಿಗೆಯಲ್ಲಿ ಕನಕಪುರದ ಕಡೆಯ ಯಾವುದಾದರೂ ಒಣಗಿದ ಕೆರೆಯಂಗಳದಲ್ಲಿ ಭಾನುವಾರದ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುವಾಗ ಒಂದರ್ಧ ಗಂಟೆ ನಿಂತು ನೋಡಿ. ಮಾಗಡಿಯಿಂದಲೋ ಚನ್ನಪಟ್ಟಣದಿಂದಲೋ ಟೆಂಪೊದಲ್ಲಿ ಬಂದಿಳಿದ ತಂಡ ಮೊದಲು ಪಿಚ್ ನೋಡುವುದಿಲ್ಲ, ಬಹುಮಾನಕ್ಕೆಂದು ಕಟ್ಟಿಹಾಕಿದ ಟಗರನ್ನೂ ನೋಡುವುದಿಲ್ಲ. ‘ಅಂಪೈರ್ ಯಾವೂರೋನು?’ ಎಂದು ಕೇಳುತ್ತದೆ. ಟೂರ್ನಮೆಂಟ್ ಇಟ್ಟ ಊರಿನವನೇ ಎಂದು ಗೊತ್ತಾದರೆ ಕ್ಯಾಪ್ಟನ್ ಮುಖ ಅಲ್ಲೇ ಸಣ್ಣದಾಗುತ್ತದೆ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ.

‘ಅದೆಂಗ್ಲಾ ವೈಡು? ಬ್ಯಾಟ್ ಪಕ್ಕದಲ್ಲೇ ಹೋಯ್ತಲ್ಲ?’

‘ಪಕ್ಕದಲ್ಲಿ ಎಲ್ಲೋಯ್ತಣ್ಣ, ಒಂದ್ ಮಾರು ಆಚೆಗೋಯ್ತು.’

‘ನಿಮ್ಮೂರಲ್ಲಿ ಮಾರು ಅಂದ್ರೆ ಎಷ್ಟುದ್ದ ಕಣಪ್ಪ?’

ಈ ಹುಡುಗರು ಟೆಂಪೊ ಇಳಿದ ಕೂಡಲೇ ಕೇಳುವ ಪ್ರಶ್ನೆಗೆ ಬಂದು ನಿಲ್ಲಲು ಅಮೆರಿಕದ ಲೆಕ್ಕಿಗರಿಗೆ ಹಲವು ದಶಕಗಳೇ ಬೇಕಾದವು. ಅವರು ಹಿಡಿದ ದಾರಿ ಬೇಸ್‌ಬಾಲ್‌ನದು. ಹಾಗಾಗಿ ಸ್ವಲ್ಪ ಹೊತ್ತು ಆ ಕಡೆ ಹೋಗಿ ಬರೋಣ.

ತವರಿನಲ್ಲಿ ಆಡುವವರಿಗೆ ಗೆಲುವು ಹೆಚ್ಚು ಎಂಬುದನ್ನು ಅಳೆದು ನೋಡಲು ಬೇಸ್‌ಬಾಲ್ ಹೇಳಿ ಮಾಡಿಸಿದ ಆಟ. ಅಲ್ಲಿನ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ, ಅದರಲ್ಲಿ ಅರ್ಧ, ಅಂದರೆ 81, ತನ್ನ ಮೈದಾನದಲ್ಲಿ. ನೂರು ವರ್ಷಕ್ಕೂ ಹಿಂದಿನಿಂದ ಬಂದ ಸ್ಕೋರುಗಳೆಲ್ಲ ಜೋಪಾನವಾಗಿವೆ. ಅವನ್ನು ಕೂಡಿಸಿ ನೋಡಿದರೆ ಆತಿಥೇಯ ತಂಡ ನೂರಕ್ಕೆ ಸುಮಾರು 54 ಪಂದ್ಯ ಗೆಲ್ಲುತ್ತದೆ. ಅಂದರೆ ಇತ್ತ ಮೇಲೂ ಅಲ್ಲದ ಅತ್ತ ಕೆಳಗೂ ಅಲ್ಲದ ಒಂದು ತಂಡ ಮನೆಯಲ್ಲಿ 44 ಗೆದ್ದರೆ ಹೊರಗೆ 37 ಗೆಲ್ಲುತ್ತದೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಬೇಸ್‌ಬಾಲ್‌ನದು ಚಿಕ್ಕದು, ಆದರೆ ಹಠಮಾರಿ. ಆಟಗಾರರು ಬದಲಾದರೂ ಕಾಲ ಬದಲಾದರೂ ಅಲ್ಲೇ ಹತ್ತಿರ ಹತ್ತಿರ ಸುಳಿಯುತ್ತಿರುತ್ತದೆ.

ಯಾಕೆ ಹೀಗೆ ಎಂದರೆ ಮೊದಲು ಎಲ್ಲರೂ ನೆಲವನ್ನು ತೋರಿಸುತ್ತಾರೆ. ಬೇಸ್‌ಬಾಲ್ ಮೈದಾನದ ಒಳಗಿನ ಚೌಕ ಎಲ್ಲ ಕಡೆ ಒಂದೇ ಅಳತೆ. ಹೊರಗಿನ ಬೇಲಿ ಮಾತ್ರ ಅವರವರ ಇಷ್ಟ. ಬಾಸ್ಟನ್ನಿನ ಫೆನ್‌ವೇ ಪಾರ್ಕ್ 1912ರಲ್ಲಿ ಶುರುವಾದದ್ದು. ಅದರ ಎಡಗಡೆಯ ಗೋಡೆ ಬ್ಯಾಟ್ಸ್‌ಮನ್ನಿಗೆ ಹತ್ತಿರ, ಆದರೆ ಎತ್ತರ 37 ಅಡಿ. ಬೇರೆ ಊರಿನಲ್ಲಿ ಸಿಕ್ಸರ್‌ನಂತೆ ಹೊರಗೆ ಹೋಗಬೇಕಾದ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬೇರೆ ಕಡೆ ಕ್ಯಾಚ್ ಆಗಬೇಕಾದದ್ದು ಇಲ್ಲಿ ಗೋಡೆ ದಾಟಿಬಿಡುತ್ತದೆ. ಚೆಂಡು ಯಾವ ಎತ್ತರಕ್ಕೆ ಬಡಿದರೆ ಎಷ್ಟು ದೂರ ಪುಟಿಯುತ್ತದೆ ಎಂಬುದು ಆ ಊರಿನ ಫೀಲ್ಡರ್‌ಗೆ ಅಂಗೈ ಗೆರೆಯಷ್ಟು ಪರಿಚಯ. ಡೆನ್ವರ್ ನಗರದ ಮೈದಾನ ಸಮುದ್ರ ಮಟ್ಟದಿಂದ ಸುಮಾರು 5,200 ಅಡಿ ಮೇಲಿದೆ. ಗಾಳಿ ತೆಳು, ಚೆಂಡು ಹೆಚ್ಚು ದೂರ ಹಾರುತ್ತದೆ, ತಿರುವು ಕಡಿಮೆ. ಬೌಲರುಗಳ ಗೋಳು ಕೇಳಲಾಗದೆ 2002ರಿಂದ ಅಲ್ಲಿ ಚೆಂಡುಗಳನ್ನು ತೇವ ಕಾಪಾಡುವ ಕೋಣೆಯಲ್ಲಿ ಇಟ್ಟು ಬಳಸುತ್ತಾರೆ.

ಇದನ್ನು ಓದಿ ನಮ್ಮವರು ಬೆರಗಾಗಬೇಕಿಲ್ಲ. ಮೈದಾನಕ್ಕೊಂದು ಗುಣ ಎಂಬುದರಲ್ಲಿ ರಾಮನಗರದ ಸುತ್ತಮುತ್ತಲಿನವರು ಬಾಸ್ಟನ್ನಿಗೆ ಪಾಠ ಹೇಳಬಲ್ಲರು. ಒಂದು ಕಡೆ ಡೀಪ್ ಮಿಡ್‌ವಿಕೆಟ್‌ನಲ್ಲಿ ಮಾವಿನ ತೋಪು. ಕೊಂಬೆಗೆ ತಾಗಿದರೆ ಎರಡು ರನ್, ತೋಪಿನೊಳಗೆ ಹೋದರೆ ನಾಲ್ಕು, ತೋಟದ ಯಜಮಾನರು ಇದ್ದ ದಿನ ಔಟು. ಇನ್ನೊಂದು ಕಡೆ ಬೆಟ್ಟದ ಬಂಡೆ ಪಿಚ್‌ವರೆಗೂ ಬೇರು ಬಿಟ್ಟಂತೆ ನೆಲದಿಂದ ಇಣುಕುತ್ತಿರುತ್ತದೆ. ಅದರ ಮೇಲೆ ಬಿದ್ದ ಚೆಂಡು ಕಿವಿಯ ಪಕ್ಕ ಹಾದು ಹೋಗುತ್ತದೆ. ಆ ಊರಿನ ಬೌಲರ್ ಎಂಟನೇ ತರಗತಿಯಿಂದ ಆ ಅಂಗೈಯಗಲ ಜಾಗಕ್ಕೇ ಗುರಿಯಿಟ್ಟು ಬೆಳೆದವನು. ಕೆರೆಯಂಗಳದ ಕಪ್ಪು ಮಣ್ಣು ಮಾರ್ಚ್‌ನಲ್ಲಿ ಒಂದು ತರಹ, ಬಿರುಕು ಬಿಟ್ಟ ಏಪ್ರಿಲ್‌ನಲ್ಲಿ ಇನ್ನೊಂದು ತರಹ. ಕೆಮ್ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದವರಿಗೆ ಅಲ್ಲಿ ಚೆಂಡು ಬ್ಯಾಟಿಗೆ ಬರುವುದೇ ಇಲ್ಲ, ಬೇಗ ಬ್ಯಾಟ್ ಬೀಸಿ ಗಾಳಿ ಹೊಡೆಯುತ್ತಾರೆ.

ಆದರೆ ನೆಲವನ್ನು ನಂಬಿ ಕೆಟ್ಟವರೂ ಉಂಟು. ಕ್ರಿಕೆಟ್‌ನಲ್ಲಿ ಆತಿಥೇಯರು ನೆಲವನ್ನು ಬರೀ ತಿಳಿದಿರುವುದಲ್ಲ, ತಮಗೆ ಬೇಕಾದಂತೆ ತಯಾರು ಮಾಡಿಕೊಳ್ಳಲೂಬಹುದು. 1987ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಎದುರು ನಡೆದ ಟೆಸ್ಟನ್ನು ನೆನಪಿಸಿಕೊಳ್ಳಿ. ಸ್ಪಿನ್ನರುಗಳಿಗೆ ಹಬ್ಬದೂಟ ಬಡಿಸಿದ ಪಿಚ್. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮಲಗಿಸಿದಾಗ ಎಲ್ಲವೂ ಅಂದುಕೊಂಡಂತೆಯೇ ಇತ್ತು. ಆದರೆ ತಿರುಗುವ ಪಿಚ್ ಎದುರಾಳಿಯ ಸ್ಪಿನ್ನರಿಗೂ ತಿರುಗುತ್ತದೆ. ಇಕ್ಬಾಲ್ ಕಾಸಿಂ, ತೌಸಿಫ್ ಅಹ್ಮದ್ ಇಬ್ಬರೇ ಸೇರಿ 18 ವಿಕೆಟ್ ತೆಗೆದರು. ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಸುನಿಲ್ ಗಾವಸ್ಕರ್ 96 ರನ್ ಗಳಿಸಿಯೂ ಭಾರತ 16 ರನ್ನಿನಿಂದ ಸೋತಿತು. ಸರಣಿಯೂ ಹೋಯಿತು.

ಮೂವತ್ತೇಳು ವರ್ಷದ ಮೇಲೆ ಅದೇ ಅಂಗಳದಲ್ಲಿ ಇನ್ನೊಂದು ಪಾಠ. 2013ರಿಂದ ಸತತ 18 ಟೆಸ್ಟ್ ಸರಣಿಗಳನ್ನು ಮನೆಯಂಗಳದಲ್ಲಿ ಗೆದ್ದಿದ್ದ ಭಾರತ 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಎದುರು ಮೋಡದಡಿಯಲ್ಲಿ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡಿತು. 46ಕ್ಕೆ ಆಲೌಟ್. ತವರಿನಲ್ಲಿ ಭಾರತದ ಅತಿ ಕಡಿಮೆ ಟೆಸ್ಟ್ ಮೊತ್ತ ಅದು. ಮಳೆ ಬಂದು ನೆನೆದ ಬೆಂಗಳೂರಿನ ನೆಲ ಅವತ್ತು ವೆಲಿಂಗ್ಟನ್ನಿನ ನೆಲದಂತೆ ವರ್ತಿಸಿತ್ತು. ಆ ಪಂದ್ಯದಲ್ಲಿ 134 ಹೊಡೆದ ರಚಿನ್ ರವೀಂದ್ರ ಹುಟ್ಟಿದ್ದು ವೆಲಿಂಗ್ಟನ್ನಿನಲ್ಲಿ, ಅವರ ಅಪ್ಪ ಅಮ್ಮ ಬೆಂಗಳೂರಿನವರು. ಸರಣಿಯ ಕೊನೆಯ ಪಂದ್ಯದಲ್ಲಿ ವಾಂಖೆಡೆಯಲ್ಲಿ 11 ವಿಕೆಟ್ ತೆಗೆದ ಎಜಾಜ್ ಪಟೇಲ್ ಹುಟ್ಟಿದ್ದೇ ಮುಂಬೈಯಲ್ಲಿ. ಯಾರ ತವರಿನಲ್ಲಿ ಯಾರು ಆಡಿದರು ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಎರಡನೆಯ ಕಾರಣ ಪ್ರಯಾಣ. 2017ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಇಪ್ಪತ್ತು ವರ್ಷಗಳ 46 ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಪಂದ್ಯಗಳನ್ನು ಜಾಲಾಡಿದರು. ಎರಡು ಮೂರು ಗಂಟೆ ಗಡಿಯಾರ ಆಚೀಚೆ ಆಗುವಷ್ಟು ದೂರ ಹಾರಿ ಬಂದ ತಂಡದ ಬೌಲರುಗಳು ಹೆಚ್ಚು ಹೊಡೆಸಿಕೊಳ್ಳುತ್ತಾರೆ, ಅದರಲ್ಲೂ ಪೂರ್ವಕ್ಕೆ ಬಂದವರ ಪಾಡು ಹೆಚ್ಚು ಕೆಟ್ಟದ್ದು ಎಂದು ಕಂಡರು. ನಮ್ಮ ನಾಲ್ಕು ಊರುಗಳ ನಡುವೆ ಗಡಿಯಾರ ತಿರುಗಿಸುವ ಪ್ರಮೇಯವಿಲ್ಲ. ರಾಮನಗರದಿಂದ ಚನ್ನಪಟ್ಟಣಕ್ಕೆ ಹನ್ನೆರಡು ಕಿಲೋಮೀಟರು, ಚಹಾ ಆರುವುದರೊಳಗೆ ಹೋಗಿಬಿಡಬಹುದು. ಮಾಗಡಿಯ ಹುಡುಗರು ಕನಕಪುರಕ್ಕೆ ಹೋಗಬೇಕೆಂದರೆ ಮಾತ್ರ ಕಥೆ ಬೇರೆ. ಬೆಳಗಿನ ಮೊದಲ ಪಂದ್ಯಕ್ಕೆ ಹೆಸರು ಕೊಟ್ಟಿದ್ದರೆ ನಸುಕಿನಲ್ಲೇ ಎದ್ದು, ಟೆಂಪೊದ ಹಿಂದೆ ಕಿಟ್ ಬ್ಯಾಗಿನ ಮೇಲೆ ಕೂತು ಬಂದು, ಇಳಿದ ತಕ್ಷಣ ಫೀಲ್ಡಿಂಗ್‌ಗೆ ನಿಲ್ಲಬೇಕು. ಆತಿಥೇಯರು ಮನೆಯಲ್ಲಿ ಮುದ್ದೆ ಉಂಡು ಬಂದಿರುತ್ತಾರೆ. ಆದರೂ ನನಗೆ ಕೇಳಿದರೆ ಪ್ರಯಾಣಕ್ಕೆ ಕೊಡುವ ಮಹತ್ವ ಸ್ವಲ್ಪ ಜಾಸ್ತಿಯೇ ಆಯಿತು. ಇಂದಿನ ವೃತ್ತಿಪರ ತಂಡಗಳಿಗೆ ವಿಮಾನ, ಹೋಟೆಲು, ಮಾಲೀಸು ಮಾಡುವವರು ಎಲ್ಲ ಇದ್ದಾರೆ. ಒಂದೇ ನಗರದ ಎರಡು ತಂಡಗಳು ಆಡಿದಾಗಲೂ ಆತಿಥೇಯರ ಲಾಭ ಪೂರ್ತಿ ಅಳಿಸಿಹೋಗುವುದಿಲ್ಲ.

ಬೇಸ್‌ಬಾಲ್‌ಗೆ ಮಾತ್ರ ಸೇರಿದ ಒಂದು ನಿಯಮವಿದೆ: ಪ್ರತಿ ಸುತ್ತಿನಲ್ಲೂ ಆತಿಥೇಯರು ಎರಡನೆಯದಾಗಿ ಬ್ಯಾಟ್ ಮಾಡುತ್ತಾರೆ, ಎಷ್ಟು ಬೇಕೆಂದು ಗೊತ್ತಿದ್ದು ಕೊನೆಗೆ ಹೊಡೆಯಬಹುದು. ಲೆಕ್ಕ ಹಾಕಿದವರು ಇದರಲ್ಲಿ ಹೆಚ್ಚೇನೂ ಹುರುಳಿಲ್ಲ ಎಂದಿದ್ದಾರೆ. ಬಿಡೋಣ.

ಈಗ ಅಸಲು ವಿಷಯಕ್ಕೆ, ಅಂದರೆ ಜನಕ್ಕೆ ಬರುತ್ತೇನೆ. ಜನ ಕೂಗಿದರೆ ಆಟಗಾರರಿಗೆ ಹುಮ್ಮಸ್ಸು ಬರುತ್ತದೆ, ಅದರಿಂದ ಗೆಲ್ಲುತ್ತಾರೆ ಎಂಬುದು ವಾಡಿಕೆಯ ಮಾತು. ಕೂಗಿನಿಂದ ಲಾಭವಾಗುವುದು ನಿಜ. ಆದರೆ ಅದು ತಟ್ಟುವುದು ಆಟಗಾರನಿಗಿಂತ ಹೆಚ್ಚಾಗಿ ಅವನ ಪಕ್ಕ ಸೀಟಿ ಹಿಡಿದು ನಿಂತವನಿಗೆ. ಇಂಗ್ಲೆಂಡಿನ ಅಲನ್ ನೆವಿಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಹಳ ಚೆಂದದ ಸಾಕ್ಷಿ. ಲಿವರ್‌ಪೂಲ್ ತಂಡ ತನ್ನ ಮೈದಾನದಲ್ಲಿ ಆಡಿದ ಪಂದ್ಯವೊಂದರಿಂದ ಆಟಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದ 47 ಸನ್ನಿವೇಶಗಳನ್ನು ಆಯ್ದು, ತರಬೇತಾದ 40 ರೆಫರಿಗಳಿಗೆ ಟಿವಿಯಲ್ಲಿ ತೋರಿಸಿದರು. ಕೆಲವರಿಗೆ ಮೈದಾನದ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಅದೇ ದೃಶ್ಯ, ಅದೇ ಕಾಲು, ಅದೇ ಚೆಂಡು. ಗದ್ದಲ ಕೇಳಿಸಿಕೊಂಡು ನೋಡಿದ ರೆಫರಿಗಳು ಆತಿಥೇಯ ತಂಡದ ಮೇಲೆ ಹಾಕಿದ ಫೌಲ್‌ಗಳು 15.5 ಶೇಕಡ ಕಡಿಮೆ. ಅವರಲ್ಲಿ ಯಾರೂ ಲಂಚ ತಿಂದಿರಲಿಲ್ಲ, ಲಿವರ್‌ಪೂಲಿನ ಅಳಿಯಂದಿರೂ ಆಗಿರಬೇಕಿಲ್ಲ. ಅನುಮಾನ ಬಂದ ಗಳಿಗೆಯಲ್ಲಿ ಮನುಷ್ಯ ಸುತ್ತಲಿನವರ ಮುಖ ನೋಡುತ್ತಾನೆ, ಅಷ್ಟೇ.

ಬೇಸ್‌ಬಾಲ್‌ನಲ್ಲಿ ಈ ಅನುಮಾನದ ಗಳಿಗೆಗಳಿಗೆ ಬರವಿಲ್ಲ. ಒಂದು ಪಂದ್ಯದಲ್ಲಿ ಸುಮಾರು 300 ಎಸೆತ. ಬ್ಯಾಟ್ ಬೀಸದೆ ಬಿಟ್ಟ ಪ್ರತಿ ಎಸೆತವೂ ಮೊಣಕಾಲಿಗೂ ಎದೆಗೂ ನಡುವಿನ ಕಾಣದ ಕಿಟಕಿಯೊಳಗೆ ಹೋಯಿತೇ ಇಲ್ಲವೇ ಎಂದು ಹಿಂದೆ ಕುಕ್ಕರಿಸಿದ ಅಂಪೈರ್ ಹೇಳಬೇಕು. ಟೋಬಿಯಸ್ ಮಾಸ್ಕೋವಿಟ್ಸ್ ಎಂಬ ಅರ್ಥಶಾಸ್ತ್ರಜ್ಞರೂ ಜಾನ್ ವರ್ಥೈಮ್ ಎಂಬ ಪತ್ರಕರ್ತರೂ 2011ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಹಿಡಿದರು: ಅಂಚಿನ ಎಸೆತಗಳ ತೀರ್ಪು ಆತಿಥೇಯರ ಕಡೆ ವಾಲುತ್ತದೆ, ಪಂದ್ಯ ಬಿಗಿಯಾದಷ್ಟೂ ಹೆಚ್ಚು ವಾಲುತ್ತದೆ. ತೀರ್ಪು ಸರಿಯೋ ತಪ್ಪೋ ಎಂದು ಅಳೆಯುವ ಕ್ಯಾಮೆರಾ ಕೂರಿಸಿದ್ದ ಮೈದಾನಗಳಲ್ಲಿ ಆ ವಾಲು ಕಾಣಲಿಲ್ಲ. ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಅಂಪೈರ್ ನೆಟ್ಟಗಾಗುತ್ತಾನೆ.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದು ಬೇಡ. 2020ರಲ್ಲಿ ಕೋವಿಡ್‌ನಿಂದ ಮೈದಾನಗಳು ಖಾಲಿಯಾದವು. ಜರ್ಮನಿಯ ಫುಟ್‌ಬಾಲ್ ಲೀಗ್ ಮೇ ತಿಂಗಳಲ್ಲಿ ಮತ್ತೆ ಶುರುವಾದಾಗ ಆತಿಥೇಯರ ಗೆಲುವು ದಡಬಡ ಬಿದ್ದುಹೋಯಿತು. ಗದ್ದಲವೇ ಕಾರಣ ಎಂಬವರಿಗೆ ಹಬ್ಬ. ಆದರೆ ಅದೇ ವರ್ಷ ಬೇಸ್‌ಬಾಲ್‌ನ ಲೀಗ್ ಹಂತ ಒಬ್ಬನೇ ಒಬ್ಬ ಪ್ರೇಕ್ಷಕನಿಲ್ಲದೆ ನಡೆದರೂ ಆತಿಥೇಯರ ಲಾಭ ಕರಗಲಿಲ್ಲ. ಅಂದರೆ ಫುಟ್‌ಬಾಲ್‌ನಲ್ಲಿ ಗದ್ದಲದ ಪಾಲು ದೊಡ್ಡದು. ಬೇಸ್‌ಬಾಲ್‌ನಲ್ಲಿ ನೆಲದ ಪರಿಚಯ, ಬೇಲಿ, ಬೆಳಕು, ತನ್ನ ಮಂಚದ ನಿದ್ದೆ ಇವೂ ಕೆಲಸ ಮಾಡುತ್ತಿರಬೇಕು. ಒಂದೇ ಕಾರಣಕ್ಕೆ ಜೋತು ಬೀಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಯಾವ ಆಟದಲ್ಲಿ ತವರಿನ ಲಾಭ ಜಾಸ್ತಿ? ತೀರ್ಪುಗಾರನ ಕಣ್ಣಿಗೆ ಹೆಚ್ಚು ಕೆಲಸವಿರುವ ಆಟದಲ್ಲಿ ಎಂದು ಊಹಿಸಬಹುದು. ನಮ್ಮ ಕಡೆ ಊರಹಬ್ಬಕ್ಕೆ ಇಡುವ ಹೊನಲು ಬೆಳಕಿನ ಕಬಡ್ಡಿಯನ್ನೇ ನೋಡಿ. ರೈಡರ್‌ನ ಬೆರಳು ಅಂಗಿಯ ಅಂಚಿಗೆ ತಾಗಿತೋ ಇಲ್ಲವೋ, ಬೋನಸ್ ಗೆರೆ ದಾಟುವಾಗ ಹಿಂಗಾಲು ನೆಲ ಬಿಟ್ಟಿತ್ತೋ ಇಲ್ಲವೋ, ಹಿಡಿದವನ ಕಾಲು ಮೊದಲು ಗೆರೆಯಾಚೆ ಹೋಯಿತೋ ರೈಡರ್ ಮೊದಲು ಮುಟ್ಟಿದನೋ, ಎಲ್ಲವೂ ರೆಪ್ಪೆ ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮೇಲೆ ಒಂದೇ ಫ್ಲಡ್‌ಲೈಟು, ಅದರ ತುಂಬ ಹುಳ. ಗೆರೆಯ ಪಕ್ಕಕ್ಕೇ ಅಂಟಿಕೊಂಡು ಕೂತ ಇಡೀ ಊರು ‘ಪಾಯಿಂಟ್, ಪಾಯಿಂಟ್’ ಎಂದು ಒಂದೇ ದನಿಯಲ್ಲಿ ಕೈ ಎತ್ತುವಾಗ, ಸೀಟಿ ಬಾಯಲ್ಲಿಟ್ಟುಕೊಂಡ ಪಿ.ಟಿ. ಮೇಷ್ಟ್ರು ಆ ಕೈಗಳನ್ನು ನೋಡದೆ ಇರಲು ಋಷಿಯಾಗಿರಬೇಕು. ನಾಳೆ ಬೆಳಿಗ್ಗೆ ಅದೇ ಬೀದಿಯಲ್ಲಿ ಹಾಲು ತರಲು ಹೋಗಬೇಕಲ್ಲ.

ಈ ರೋಗಕ್ಕೆ ಕ್ರಿಕೆಟ್ ಕಂಡುಕೊಂಡ ಮದ್ದು ಹೊರಗಿನ ಅಂಪೈರ್. ಪಾಕಿಸ್ತಾನದ ಅಂಪೈರುಗಳನ್ನು ಜಗತ್ತೆಲ್ಲ ಬಯ್ಯುತ್ತಿದ್ದ ಕಾಲದಲ್ಲಿ ಇಮ್ರಾನ್ ಖಾನ್ ತಟಸ್ಥ ಅಂಪೈರ್ ಬೇಕೆಂದು ಪಟ್ಟು ಹಿಡಿದರು. 1986ರ ನವೆಂಬರ್‌ನಲ್ಲಿ ಲಾಹೋರ್‌ನಲ್ಲಿ ವೆಸ್ಟ್ ಇಂಡೀಸ್ ಎದುರಿನ ಟೆಸ್ಟ್‌ಗೆ ನಿಂತವರು ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. 1994ರಿಂದ ಪ್ರತಿ ಟೆಸ್ಟ್‌ಗೆ ಒಬ್ಬರು, 2002ರಿಂದ ಇಬ್ಬರೂ ಹೊರಗಿನವರು ಎಂಬ ನಿಯಮ ಬಂತು. ಸಾವಿರ ಟೆಸ್ಟ್‌ಗಳ ಎಲ್‌ಬಿಡಬ್ಲ್ಯು ತೀರ್ಪುಗಳನ್ನು ಹರಡಿಕೊಂಡು ಕೂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞರು, ಇಬ್ಬರೂ ಅಂಪೈರುಗಳು ಆತಿಥೇಯ ದೇಶದವರಾಗಿದ್ದಾಗ ಪ್ರವಾಸಿಗಳಿಗೆ ಹೆಚ್ಚು ಎಲ್‌ಬಿ ಬಿದ್ದದ್ದನ್ನೂ, ಇಬ್ಬರೂ ಹೊರಗಿನವರಾದ ಮೇಲೆ ಆ ವ್ಯತ್ಯಾಸ ಇಲ್ಲವಾದದ್ದನ್ನೂ ಕಂಡರು. ನೆಲದ ಲಾಭವನ್ನೂ ಕಿತ್ತುಹಾಕಲು ನಮ್ಮ ಕ್ರಿಕೆಟ್ ಮಂಡಳಿ ಒಮ್ಮೆ ಹೊರಟಿತ್ತು. 2016–17ರ ರಣಜಿ ಟ್ರೋಫಿಯ ಎಲ್ಲ ಪಂದ್ಯಗಳನ್ನೂ ತಟಸ್ಥ ಮೈದಾನಗಳಲ್ಲಿ ಆಡಿಸಿತು. ಕರ್ನಾಟಕ ವಿಶಾಖಪಟ್ಟಣದಲ್ಲಿ 88ಕ್ಕೆ ಉರುಳಿ ಎರಡೇ ದಿನದಲ್ಲಿ ತಮಿಳುನಾಡಿಗೆ ಕ್ವಾರ್ಟರ್ ಫೈನಲ್ ಒಪ್ಪಿಸಿತು. ಖಾಲಿ ಸ್ಟ್ಯಾಂಡುಗಳ ಮುಂದೆ ಆಡಿ ಬೇಸತ್ತ ಆಟಗಾರರು ಗೊಣಗಿದರು, ಮರುವರ್ಷವೇ ಹಳೆಯ ಪದ್ಧತಿ ವಾಪಸ್ ಬಂತು.

ಇನ್ನು ಆರ್‌ಸಿಬಿ. ಹದಿನೆಂಟು ವರ್ಷ ಕಾದು ಕಪ್ ಗೆದ್ದ 2025ರ ಋತುವನ್ನು ಯಾವ ಕನ್ನಡಿಗ ಮರೆತಾನು? ಅದರ ಲೆಕ್ಕದ ಪುಟವನ್ನು ಮಾತ್ರ ಹೆಚ್ಚಿನವರು ತಿರುವಿ ಹಾಕಿಲ್ಲ. ಲೀಗ್ ಹಂತದಲ್ಲಿ ಬೇರೆಯವರ ಮನೆಗೆ ಹೋಗಿ ಆಡಿದ ಏಳಕ್ಕೆ ಏಳೂ ಗೆದ್ದರು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಮಾಡದ ಸಾಧನೆ. ಚಿನ್ನಸ್ವಾಮಿಯಲ್ಲಿ ಆಡಿ ಮುಗಿಸಿದ ಐದರಲ್ಲಿ ಗೆದ್ದದ್ದು ಎರಡು. ಮೊದಲ ಮೂರೂ ಸೋಲು. ಊರಿಗೆ ಉಪಕಾರಿ, ಮನೆಗೆ ಮಾರಿ. ಗದ್ದಲದಿಂದಲೇ ಗೆಲ್ಲುವ ಹಾಗಿದ್ದರೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಸೋಲಲೇಬಾರದಿತ್ತು. ಆದರೆ ಗದ್ದಲ ಅಂಪೈರನ್ನು ತಲುಪುವ ದಾರಿಯೇ ಐಪಿಎಲ್‌ನಲ್ಲಿ ಮುಚ್ಚಿದೆ. 2023ರಿಂದ ವೈಡು, ನೋಬಾಲನ್ನು ಕೂಡ ಮೇಲ್ಮನವಿ ಮಾಡಿ ಟಿವಿಯಲ್ಲಿ ನೋಡಿಸಬಹುದು. ಪಿಚ್ ತಯಾರಿಸುವುದು ರಾಜ್ಯ ಸಂಸ್ಥೆಯ ಕ್ಯುರೇಟರ್, ತಂಡದ ಮಾಲೀಕರಲ್ಲ. ಆಟಗಾರರು ಹರಾಜಿನಲ್ಲಿ ಬಂದವರು, ವರ್ಷಕ್ಕೆ ಹೆಚ್ಚೆಂದರೆ ಏಳು ಪಂದ್ಯ ಇಲ್ಲಿ ಆಡುತ್ತಾರೆ. ಉಳಿದದ್ದು ಟಾಸು, ಸಂಜೆಯ ಇಬ್ಬನಿ, ಮೂರು ಸಾವಿರ ಅಡಿ ಎತ್ತರದ ಗಾಳಿಯಲ್ಲಿ ಹಗುರಾಗಿ ಹಾರುವ ಚೆಂಡು. ಸೋತ ಆ ಮೂರೂ ಪಂದ್ಯದಲ್ಲಿ ಆರ್‌ಸಿಬಿ ಟಾಸ್ ಸೋತು ಮೊದಲು ಬ್ಯಾಟ್ ಮಾಡಿತ್ತು.

ಆ ಮೂರರಲ್ಲಿ ಒಂದು ಏಪ್ರಿಲ್ 10ರ ಪಂದ್ಯ. ಡೆಲ್ಲಿ ಕ್ಯಾಪಿಟಲ್ಸ್ ಪರ ಆಡಿದ ಕೆ.ಎಲ್. ರಾಹುಲ್ 53 ಎಸೆತಗಳಲ್ಲಿ ಔಟಾಗದೆ 93 ಹೊಡೆದು ಗೆಲ್ಲಿಸಿದ ಮೇಲೆ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಕುಟ್ಟಿ ನಿಲ್ಲಿಸಿದರು. ‘ಕಾಂತಾರ’ ಚಿತ್ರದ ದೃಶ್ಯ ಅದಕ್ಕೆ ಸ್ಫೂರ್ತಿ ಎಂದು ಆಮೇಲೆ ಹೇಳಿದರು. ಕೆಂಪು ಅಂಗಿಯ ಸ್ಟ್ಯಾಂಡುಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕರ್ನಾಟಕ ತಂಡಕ್ಕೆ ಆಡುತ್ತಾ ಆ ನೆಲದ ಪುಟಿತವನ್ನು ಮೈಗೂಡಿಸಿಕೊಂಡವರು ಅವತ್ತು ಪ್ರವಾಸಿ ತಂಡದಲ್ಲಿದ್ದರು. ತವರಿನ ಲಾಭ ನಿಯಮದಂತೆಯೇ ಕೆಲಸ ಮಾಡಿತು, ಸಿಕ್ಕಿದ್ದು ಮಾತ್ರ ಎದುರು ಪಾಳಯಕ್ಕೆ.

ಕಬಡ್ಡಿಯಲ್ಲೂ ಇಂಥದೇ ಒಂದು ಪುಟ ಇದೆ. ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದೆ ಬೆಂಗಳೂರು ಬುಲ್ಸ್ ತನ್ನ ತವರಿನ ಪಂದ್ಯಗಳನ್ನು 2017ರಲ್ಲಿ ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ ಆಡಬೇಕಾಯಿತು. ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡದ ಅದೇ ಋತುವಿನಲ್ಲಿ, 2019ರ ಜನವರಿಯಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ, ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬುಲ್ಸ್‌ಗೆ ಕಪ್ ಕೊಡಿಸಿದರು. ಪ್ರೊ ಕಬಡ್ಡಿಯ ಮ್ಯಾಟು ಪುಣೆಯಲ್ಲೂ ಒಂದೇ, ಬೆಂಗಳೂರಿನಲ್ಲೂ ಒಂದೇ. ಊರಿನ ಮಣ್ಣಿಗೆ ಅಲ್ಲಿ ಮಾತಿಲ್ಲ.

ಅಂದ ಹಾಗೆ, ಹೊರಗಿನಿಂದ ಬಂದವರಿಗೂ ತವರು ಒಲಿಯುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗೆ ಕ್ರೀಡೆಯ ಸಾಕ್ಷಿಯೇ ಬೇಕಿಲ್ಲ. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು 1994ರಲ್ಲಿ ರಾಮನಗರದಿಂದ ಗೆದ್ದೇ ಮುಖ್ಯಮಂತ್ರಿಯಾದದ್ದು. ಎಚ್.ಡಿ. ಕುಮಾರಸ್ವಾಮಿ 2006ರಲ್ಲಿ ಆ ಕುರ್ಚಿ ಏರಿದಾಗಲೂ ರಾಮನಗರದ ಶಾಸಕರು. 2024ರ ಚನ್ನಪಟ್ಟಣ ಉಪಚುನಾವಣೆಯಲ್ಲಿ ಅದೇ ಮನೆತನದ ಮೂರನೆಯ ತಲೆಮಾರು ಸ್ಥಳೀಯರಾದ ಸಿ.ಪಿ. ಯೋಗೇಶ್ವರ್ ಎದುರು ಸೋತಿತು. ಅಲ್ಲಿಯ ಅಂಪೈರುಗಳು ಮತದಾರರೇ ಆದ್ದರಿಂದ ಈ ಮಾತು ಇಲ್ಲಿಗೆ ಸಾಕು.

ಬೇಸ್‌ಬಾಲ್ ಈಗ ತನ್ನ ಕಾಣದ ಕಿಟಕಿಗೆ ಯಂತ್ರದ ಕಣ್ಣು ಇಡುತ್ತಿದೆ. 2026ರ ಋತುವಿನಿಂದ ಅಂಪೈರ್ ಹೇಳಿದ ಎಸೆತದ ತೀರ್ಪನ್ನು ಆಟಗಾರರು ಪ್ರಶ್ನಿಸಿದರೆ ಕ್ಯಾಮೆರಾಗಳು ಉತ್ತರ ಕೊಡುತ್ತವೆ ಎಂದು ಲೀಗ್ ನಿರ್ಧರಿಸಿದೆ, ತಂಡಕ್ಕೆ ಎರಡು ಅವಕಾಶ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಾಗ ಮುಖ ನೋಡಿ ಬೆಲೆ ಕೂಗುವುದು ನಿಂತ ಹಾಗೆ ಇದು. 54 ಎಂಬ ಆ ಹಠಮಾರಿ ಅಂಕಿ ಇದರಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದರಿಂದ ಅಂಪೈರಿನ ಪಾಲು ಎಷ್ಟು, ಗೋಡೆ ಗಾಳಿಗಳ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಾಗಬಹುದು. ಬಹಳ ಇಳಿಯುತ್ತದೆ ಎಂದು ನನ್ನ ಪಣ.

ನಮ್ಮ ಟೆನಿಸ್ ಬಾಲ್ ಟೂರ್ನಮೆಂಟುಗಳಿಗೂ ಕ್ಯಾಮೆರಾ ಬಂದಿದೆ. ಸೈಟ್‌ಸ್ಕ್ರೀನ್ ಇರಬೇಕಾದ ಜಾಗದಲ್ಲಿ ಸ್ಟ್ಯಾಂಡ್ ಹಾಕಿ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಬಿಟ್ಟು, ಪಕ್ಕದಲ್ಲೊಬ್ಬ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡುತ್ತಿರುತ್ತಾನೆ. ಅಂಪೈರನ್ನು ಪಕ್ಕದ ತಾಲ್ಲೂಕಿನಿಂದ ಕರೆಸುವ ಆಯೋಜಕರೂ ಇದ್ದಾರೆ, ಅವರಿಗೆ ಊಟ, ಬಸ್ ಚಾರ್ಜು, ಒಂದು ಶಾಲು. ಹೊರಗಿನಿಂದ ಬಂದ ತಂಡ ಈಗ ಮೊದಲಿನಷ್ಟು ಜಗಳ ಮಾಡುವುದಿಲ್ಲ. ರನ್‌ಔಟ್ ಎಂದರೆ ಮೊಬೈಲ್ ತೆಗೆದು ಹಿಂದಕ್ಕೆ ಎಳೆದು ನೋಡುತ್ತದೆ. ಆದರೆ ಕ್ಯಾಮೆರಾ ಹುಡುಗ ಟೂರ್ನಮೆಂಟ್ ಇಟ್ಟ ಊರಿನವನೇ. ಬೇರೆಯವರ ವಿಕೆಟ್ ಬಿದ್ದಾಗಲೆಲ್ಲ ಸ್ಟಂಪು ಫ್ರೇಮಿನ ನಟ್ಟನಡುವೆ ಇರುತ್ತದೆ. ತಮ್ಮವನು ಕ್ರೀಸ್ ತಲುಪದ ಹೊತ್ತಿಗೆ ಸರಿಯಾಗಿ ಅದು ಟಗರಿನ ಕಡೆ ತಿರುಗಿರುತ್ತದೆ.